ಜೇಬೆಜ್ ಎಂಟ್ವಿಸಲನ ಏಳು ಸೀನು

ಟ್ರಾಸ್ಕ್‌ವಿಲ್ ಪಟ್ಟಣದಲ್ಲಿ ಎರಡು ಗಡಿಯಾರಗಳಿದ್ದವು. ಮೊದಲನೆಯದು ಹತ್ತಿ ಗಿರಣಿಯ ಗೋಪುರದ್ದು. ಅದು ಬೆಳಿಗ್ಗೆ ಕೆಲಸಕ್ಕೆ ಕರೆಯುವಾಗ ಕುದುರೆಯಂತೆ ಓಡುತ್ತಿತ್ತು, ಸಂಜೆ ಮನೆಗೆ ಬಿಡುವಾಗ ಬಸವನಹುಳುವಿನಂತೆ ತೆವಳುತ್ತಿತ್ತು. ಎರಡನೆಯದು ಜೇಬೆಜ್ ಎಂಟ್ವಿಸಲನ ಮೂಗು. ಅದು ಯಾವತ್ತೂ ಸುಳ್ಳು ಹೇಳಿದ್ದಿಲ್ಲ.

ಗಿರಣಿಯೊಳಗಿನ ಸೆಕೆಯಿಂದ ಹೊರಗಿನ ತಣ್ಣನೆ ಗಾಳಿಗೆ ಕಾಲಿಟ್ಟ ಕೂಡಲೇ ಜೇಬೆಜ್ ಸೀನುತ್ತಿದ್ದ. ಸೀನಿದರೆ ಏಳು. ಆರಲ್ಲ, ಎಂಟಲ್ಲ. ಮೊದಲನೆಯದಕ್ಕೆ ಚರ್ಚಿನ ಚಾವಣಿಯ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಮೂರನೆಯದಕ್ಕೆ ಬ್ರೆಡ್ಡು ಮಾರುವವನ ಕುದುರೆ ಯಾರೂ ಹೇಳದೆಯೇ ಮುಂದಿನ ಬೀದಿಗೆ ಹೊರಡುತ್ತಿತ್ತು. ಐದನೆಯದು ಕೇಳಿಸಿದರೆ ಕೆಳಕೇರಿಯ ಹೆಂಗಸರು ಆಲೂಗಡ್ಡೆಯ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದರು. ಏಳನೆಯದಾದ ಮೇಲೆ ಇಡೀ ಊರಿನಲ್ಲಿ ಒಂದು ಕ್ಷಣ ಮೌನ, ಆಮೇಲೆ ಯಾವುದೋ ಕಿಟಕಿಯಿಂದ "ದೇವರು ಕಾಪಾಡ್ಲಪ್ಪಾ" ಎಂಬ ಒಂದು ಕೂಗು. ಒಮ್ಮೆ ಏಳನೆಯ ಸೀನಿಗೆ ನದಿ ಅರ್ಧ ಗಳಿಗೆ ಹಿಂದಕ್ಕೆ ಹರಿದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆಂದು ಪಕ್ಕದ ಮನೆಯ ಐರಿಷ್ ಮನುಷ್ಯ ಕಾನ್ ಟಿಯರ್ನಿ ಬೈಬಲ್ ಮುಟ್ಟಿ ಪ್ರಮಾಣ ಮಾಡಲು ಸಿದ್ಧನಿದ್ದ. ಬೈಬಲ್ ಹಾಳಾದೀತೆಂದು ಯಾರೂ ಅವನ ಕೈಗೆ ಕೊಡಲಿಲ್ಲ.

ಇಂಥ ಮಹಾಸ್ತ್ರ ಪುಕ್ಕಟೆ ಸಿಗುವುದಿಲ್ಲ, ಅದಕ್ಕೆ ತಪಸ್ಸು ಬೇಕು. ಜೇಬೆಜನ ತಪಸ್ಸು ಏಳನೆಯ ವಯಸ್ಸಿನಲ್ಲಿ ಲ್ಯಾಂಕಶೈರಿನ ಒಂದು ಗಿರಣಿಯಲ್ಲಿ ಶುರುವಾಗಿ, ಹಡಗು ಹತ್ತಿ ಅಟ್ಲಾಂಟಿಕ್ ದಾಟಿ, ಟ್ರಾಸ್ಕ್ ಗಿರಣಿಯ ಹತ್ತಿ ಹಿಂಜುವ ಮನೆಯಲ್ಲಿ ಹದಿನೆಂಟು ವರ್ಷ ಮುಂದುವರಿದಿತ್ತು. ಆ ಮನೆಯೊಳಗೆ ಹಗಲಿಡೀ ಹತ್ತಿಯ ಎಳೆ ಹಿಮದಂತೆ ಉದುರುತ್ತಿತ್ತು. ಹಿಮವಾದರೆ ಕರಗುತ್ತದೆ, ಇದು ಕರಗದೆ ನೇರವಾಗಿ ಶ್ವಾಸಕೋಶಕ್ಕೆ ಹೋಗಿ ಸಂಸಾರ ಹೂಡುತ್ತಿತ್ತು. ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಒಣಗಾಳಿ ಬಿದ್ದರೆ ಹತ್ತಿಗೆ ಆಗುವುದಿಲ್ಲವಂತೆ. ಹತ್ತಿಯ ಆರೋಗ್ಯದ ವಿಷಯದಲ್ಲಿ ಟ್ರಾಸ್ಕ್ ಧಣಿಗಳಿಗೆ ಹೆತ್ತ ತಾಯಿಯ ಕಾಳಜಿ. ಮನುಷ್ಯರ ಕೆಮ್ಮಿನ ಬಗ್ಗೆ ಕೇಳಿದರೆ, ಅದು ಆ ಜನ ಇಂಗ್ಲೆಂಡಿನಿಂದ ಬರುವಾಗಲೇ ಗಂಟಿನಲ್ಲಿ ಕಟ್ಟಿಕೊಂಡು ತಂದದ್ದು ಎನ್ನುತ್ತಿದ್ದರು.

ಈ ಅಸ್ತ್ರವನ್ನು ತಡೆಯುವ ಉಪಾಯವೂ ಒಂದಿತ್ತು, ಅದನ್ನು ಕಂಡುಹಿಡಿದವಳು ಜೇಬೆಜನ ಹೆಂಡತಿ ಮರ್ಸಿ. ಮದುವೆಯಾದ ಮೊದಲ ವಾರ ಚರ್ಚಿನಲ್ಲಿ ಪಾದ್ರಿಯ ಉಪದೇಶದ ನಡುವೆ ಗಂಡ ಏಳಕ್ಕೆ ಏಳೂ ಹಾರಿಸಿದಾಗ ಅವಳು ನಾಚಿಕೆಯಿಂದ ಬೆಂಚಿನ ಕೆಳಗೆ ಇಳಿದಿದ್ದಳು. ಮುಂದಿನ ಭಾನುವಾರದ ಹೊತ್ತಿಗೆ ವಿದ್ಯೆ ಕಲಿಸಿದ್ದಳು: ಮೂಗು ತುರಿಸಿದ ತಕ್ಷಣ ಕರ್ಚೀಫು ತೆಗೆ, ಹೆಬ್ಬೆರಳು ತೋರುಬೆರಳಿನಲ್ಲಿ ಮೂಗನ್ನು ಗಟ್ಟಿಯಾಗಿ ಹಿಡಿ, ಹಿಮ್ಮಡಿಯನ್ನು ಮೂರು ಸಲ ನೆಲಕ್ಕೆ ಕುಟ್ಟು. ಇಪ್ಪತ್ತು ವರ್ಷದಲ್ಲಿ ಈ ವಿದ್ಯೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದಕ್ಕೆ ಬೇಕಾದದ್ದು ಒಂದೇ, ಖಾಲಿ ಇರುವ ಒಂದು ಕೈ.

ಇನ್ನು ಬಾಗಿಲಿನ ವಿಷಯ.

ಗಿರಣಿಗೆ ಐದು ಅಂತಸ್ತು. ಐದನೆಯದರಲ್ಲಿ ನೂಲುವ ಮನೆ, ಅಲ್ಲಿ ಅರವತ್ತು ಹುಡುಗಿಯರು. ಅವರಲ್ಲೊಬ್ಬಳು ಜೇಬೆಜನ ಮಗಳು ಟ್ಯಾಬಿ, ಹದಿನೇಳು ವರ್ಷದವಳು. ಹಿಂದೊಮ್ಮೆ ಬೇಸಿಗೆಯಲ್ಲಿ ಸರ್ಕಸ್ಸಿನ ಆನೆ ಬೀದಿಯಲ್ಲಿ ಹೋದಾಗ ನಾಲ್ಕು ಹುಡುಗಿಯರು ಮೆಟ್ಟಿಲಿಳಿದು ನೋಡಿ ಬಂದಿದ್ದರು. ಮಾರನೆಯ ದಿನದಿಂದ ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು. ಬೀಗದ ಕೈ ಮೇಸ್ತ್ರಿ ಆರಿನ್ ಥ್ಯಾಕ್ಸ್ಟರನ ವೇಸ್ಟ್‌ಕೋಟಿನ ಜೇಬಿನಲ್ಲಿ. ಆನೆ ಮತ್ತೆ ಆ ಊರಿಗೆ ಬರಲೇ ಇಲ್ಲ. ಬೀಗ ಮಾತ್ರ ಆರು ವರ್ಷ ಅದರ ದಾರಿ ಕಾಯುತ್ತಾ ಕೂತಿತು.

೧೮೮೪ರ ಫೆಬ್ರವರಿಯಲ್ಲಿ ಐದನೆಯ ಅಂತಸ್ತಿನ ಯಂತ್ರವೊಂದರ ಅಚ್ಚು ಕಾದು ಕಿಡಿ ಹಾರಿತು. ನೆಲದ ಮೇಲಿದ್ದ ಹತ್ತಿ ಎಳೆಗೆ ಬೆಂಕಿ ಹತ್ತಿತು. ಅರವತ್ತು ಹುಡುಗಿಯರು ಬಾಗಿಲಿಗೆ ಓಡಿ ಬಡಿದರು. ಥ್ಯಾಕ್ಸ್ಟರ್ ಆಗ ಕೆಳಗೆ ಊಟಕ್ಕೆ ಕೂತಿದ್ದ. ಉಪ್ಪುಮೀನು ಮುಗಿದಿತ್ತು, ಕಡುಬು ಬಾಕಿ ಇತ್ತು. ಬಾಗಿಲು ತೆರೆಯಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹುಡುಗಿಯರು ತಾವೇ ಬಕೆಟ್ಟಿನ ನೀರು ಸುರಿದು, ಲಂಗಗಳನ್ನು ಒದ್ದೆ ಮಾಡಿ ಬಡಿದು ಬೆಂಕಿ ಆರಿಸಿದ್ದರು. ಯಾರೂ ಸಾಯಲಿಲ್ಲ. ಸಾಯದಿದ್ದದ್ದರಿಂದ ಅದು ಸುದ್ದಿಯಾಗಲಿಲ್ಲ.

ಟ್ಯಾಬಿ ಅಂದು ಸಂಜೆ ಒಂದು ಪಕ್ಕದ ಕೂದಲು ಸುಟ್ಟುಕೊಂಡು, ಬೆರಳ ಗಿಣ್ಣುಗಳ ಸಿಪ್ಪೆ ಕಿತ್ತುಕೊಂಡು ಮನೆಗೆ ಬಂದಳು. ಗಿರಣಿಯವರು ಸುಮ್ಮನಿದ್ದರು ಎಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಅವರು ಬೆಳಗಾಗುವುದರೊಳಗೆ ಕ್ರಮ ಕೈಗೊಂಡರು. ಹುಡುಗಿಯರ ಉಗುರು ಪರಚಿ ಬಾಗಿಲಿನ ಬಣ್ಣ ಹಾಳಾಗಿತ್ತಲ್ಲ, ಹೊಸ ಬಣ್ಣ ಹೊಡೆಸಿದರು. ಒಳ್ಳೆಯ ಹಸಿರು ಬಣ್ಣ. ಬಣ್ಣ ಒಣಗಿದ ಮೇಲೆ ಬೀಗ ಹಾಕಿದರು. ಬಾಗಿಲು ಕೆರೆದವರು ಯಾರೆಂದು ಥ್ಯಾಕ್ಸ್ಟರ್ ಒಬ್ಬೊಬ್ಬಳ ಉಗುರನ್ನೂ ನೋಡಿ ವಿಚಾರಣೆ ಮಾಡಿದ.

ಮಾರ್ಚಿನಲ್ಲಿ ಪಟ್ಟಣ ಸಭೆಯ ಚುನಾವಣೆ. ಪ್ರತಿ ವರ್ಷ ಟ್ರಾಸ್ಕ್ ಧಣಿಗಳ ಸೋದರಳಿಯನೋ ಭಾವಮೈದುನನೋ ನಿಲ್ಲುತ್ತಿದ್ದ, ಗೆಲ್ಲುತ್ತಿದ್ದ, ಮುಂದಿನ ವರ್ಷದವರೆಗೆ ನಿದ್ದೆ ಹೋಗುತ್ತಿದ್ದ. ಈ ಸಲ ಗಾಡಿಯ ಚಕ್ರ ಮಾಡುವ ಏಸಾ ಕ್ವಿಂಬಿ ಎದುರು ನಿಂತ. ಸ್ವಂತ ಮನೆ, ಸ್ವಂತ ಉಳಿ ಸುತ್ತಿಗೆ ಇದ್ದ ಮನುಷ್ಯ. ಅವನನ್ನು ಕೆಲಸದಿಂದ ತೆಗೆಯಲು ದೇವರೇ ಬರಬೇಕಿತ್ತು. ಅವನು ಹೇಳಿದ್ದು ಒಂದೇ ಮಾತು: ತಾನು ಗೆದ್ದರೆ, ಕೆಲಸದ ಹೊತ್ತಿನಲ್ಲಿ ಯಾವ ಗಿರಣಿಯ ಮೆಟ್ಟಿಲ ಬಾಗಿಲಿಗೂ ಬೀಗ ಹಾಕಬಾರದೆಂದು ಪಟ್ಟಣದ ನಿಯಮ ಮಾಡಿಸುತ್ತೇನೆ. ಮೂವರ ಆ ಸಭೆಯ ಉಳಿದ ಇಬ್ಬರಲ್ಲಿ ಒಬ್ಬ ಅವನ ಪರವೇ ಇದ್ದ. ಬೇಕಾದದ್ದು ಇವನೊಬ್ಬನ ಗೆಲುವು.

ಈಗ ಆ ಕಾಲದ ಮತದಾನದ ವೈಭವ ಕೇಳಿ. ಮತಚೀಟಿಯನ್ನು ಸರ್ಕಾರ ಅಚ್ಚು ಹಾಕಿಸುತ್ತಿರಲಿಲ್ಲ, ಆಯಾ ಪಕ್ಷದವರೇ ತಮ್ಮ ಹುರಿಯಾಳಿನ ಹೆಸರಿನ ಚೀಟಿ ಅಚ್ಚು ಹಾಕಿಸಿ ಹಂಚುತ್ತಿದ್ದರು. ಎಲ್ಲ ಚೀಟಿಯೂ ಬಿಳಿ ಕಾಗದದ್ದೇ ಆಗಿರಬೇಕೆಂದು ಕಾನೂನು ಹೇಳುತ್ತಿತ್ತು. ಎಂಥ ಬಿಳಿ ಎಂದು ಹೇಳುವುದನ್ನು ಮರೆತಿತ್ತು. ಟ್ರಾಸ್ಕ್ ಪಕ್ಷದ ಚೀಟಿ ಹಾಲಿನ ಕೆನೆಯ ಬಿಳಿ, ಮದುವೆಯ ಕರೆಯೋಲೆಯಷ್ಟು ದಪ್ಪ, ನಲವತ್ತು ಹೆಜ್ಜೆ ದೂರದಿಂದ ಕಾಣುತ್ತಿತ್ತು. ಕ್ವಿಂಬಿಯ ಚೀಟಿ ಬಡವರ ಅಂಗಿಯ ಬಿಳಿ, ಅಂದರೆ ಬೂದು, ಈರುಳ್ಳಿ ಸಿಪ್ಪೆಯಷ್ಟು ತೆಳು. ಮತದಾನದ ದಿನ ಗಿರಣಿಯ ಗಂಡಸರನ್ನು ಮಧ್ಯಾಹ್ನ ಸಾಲು ಹಿಡಿಸಿ ಪಟ್ಟಣದ ಸಭಾಮಂದಿರಕ್ಕೆ ನಡೆಸುತ್ತಿದ್ದರು. ಗಿರಣಿಯ ಗೇಟಿನಲ್ಲೇ ಕೆನೆ ಚೀಟಿ ಕೊಟ್ಟು, ಅದನ್ನು ಬಲಗೈಯಲ್ಲಿ ಭುಜಕ್ಕಿಂತ ಮೇಲೆ ಹಿಡಿದು, ಪೆಟ್ಟಿಗೆಗೆ ಬೀಳುವ ತನಕ ಇಳಿಸಕೂಡದೆಂಬ ಅಪ್ಪಣೆ. ಎಡಗೈಯಲ್ಲಿ ತಲೆಯಿಂದ ತೆಗೆದ ಟೋಪಿ. ಸಭಾಮಂದಿರದ ಗೋಡೆಯ ಮೇಲೆ ಹಿರಿಯ ಟ್ರಾಸ್ಕರ ಚಿತ್ರ ಇದೆಯಲ್ಲ, ಅದಕ್ಕೆ ಗೌರವ. ಇದಕ್ಕೆ ಸ್ವತಂತ್ರ ನಾಗರಿಕರ ಸ್ವತಂತ್ರ ಮತ ಎಂದು ಹೆಸರು. ಬೀಗದ ಒಳಗಿದ್ದ ಅರವತ್ತು ಜನಕ್ಕಾದರೋ ಹೆಣ್ಣೆಂಬ ಕಾರಣಕ್ಕೆ ಕೈ ಎತ್ತುವ ಈ ಭಾಗ್ಯವೂ ಇರಲಿಲ್ಲ. ಬೀಗ ಹಾಕಿದವನಿಗೆ ಮತವಿತ್ತು.

ಚುನಾವಣೆಯ ಹಿಂದಿನ ಭಾನುವಾರ ಥ್ಯಾಕ್ಸ್ಟರ್ ಜೇಬೆಜನ ಮನೆಗೆ ಬಂದ. ಮನೆ ಗಿರಣಿಯದು, ಹಾಗಾಗಿ ಬಾಗಿಲು ತಟ್ಟುವ ಅಭ್ಯಾಸ ಅವನಿಗಿರಲಿಲ್ಲ. ಹಿಂದಿನ ರಾತ್ರಿಯ ಬೇಯಿಸಿದ ಹುರುಳಿಕಾಯಿ ಬೀಜದ ಮಡಕೆ ಮೇಜಿನ ಮೇಲಿತ್ತು. ಮುಚ್ಚಳ ತೆಗೆದು ನೋಡಿ, ಹಂದಿಮಾಂಸದ ತುಂಡು ದೊಡ್ಡದಾಗಿದೆ, ಗಿರಣಿಯ ಅನ್ನ ಚೆನ್ನಾಗಿಯೇ ಮೈಗೆ ಹತ್ತಿದೆ ಎಂದ. ಆಮೇಲೆ ವಿಷಯಕ್ಕೆ ಬಂದ. ಸೀನಿನಿಂದಾಗಿ ಊರಿಗೆಲ್ಲ ಪರಿಚಿತನಾದ ಜೇಬೆಜ್ ಸಾಲಿನ ಮೊದಲಿಗನಾಗಿ ನಡೆಯಬೇಕು. ಅವನ ಕೈಯಲ್ಲಿ ಕೆನೆ ಚೀಟಿ ಕಂಡರೆ ಹಿಂದಿನವರು ಕುರಿಗಳಂತೆ ಬರುತ್ತಾರೆ. ಕಾಣದಿದ್ದರೆ, ಈ ಮನೆಗೆ ಬೇರೆ ಸಂಸಾರ ಕಾಯುತ್ತಿದೆ, ಮಗಳ ಜಾಗಕ್ಕೂ ಬೇರೆ ಹುಡುಗಿ ಕಾಯುತ್ತಿದ್ದಾಳೆ.

ಅವನು ಹೋದ ಮೇಲೆ ಮರ್ಸಿ ಮಡಕೆಯ ಮುಚ್ಚಳವನ್ನು ಮತ್ತೆ ತೊಳೆಯತೊಡಗಿದಳು.

"ಹಾಕ್ಬಿಡು ಮಾರಾಯ," ಅಂದಳು. "ಬೀದಿಗೆ ಬಿದ್ಮೇಲೆ ಬಾಗ್ಲಿದ್ರೆಷ್ಟು, ಬೀಗ ಇದ್ರೆಷ್ಟು."

ಜೇಬೆಜ್ ಮಗಳ ಕಡೆ ನೋಡಿದ. ಟ್ಯಾಬಿಯ ಗಿಣ್ಣುಗಳಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂದಿತ್ತು.

"ಅಪ್ಪಾ, ನೀನು ಯಾರಿಗೆ ಬೇಕಾದ್ರೂ ಹಾಕು," ಅಂದಳು. "ಬಂದು ನಂಗೆ ಹೇಳ್ಬೇಡ, ಅಷ್ಟೆ. ನಾಳೆ ಬೆಳಿಗ್ಗೆ ನಾನು ಮತ್ತೆ ಅದೇ ಬಾಗ್ಲೊಳಗೆ ಹೋಗ್ಬೇಕು."

ಅಂದು ಜೇಬೆಜ್ ಕೆನೆ ಚೀಟಿಯನ್ನೇ ಹಾಕುವುದೆಂದು ತೀರ್ಮಾನಿಸಿದ. ಸುಳ್ಳು ಹೇಳಿ ಅವನನ್ನು ಧೀರನನ್ನಾಗಿ ಮಾಡಿ ನಮಗೇನು ಲಾಭ? ಮನೆ, ಒಲೆ, ಹೆಂಡತಿಯ ಮೊಣಕಾಲು ನೋವು, ಎಲ್ಲವನ್ನೂ ತೂಗಿ ನೋಡಿದ. ತಕ್ಕಡಿ ಕೆನೆಯ ಕಡೆಗೇ ವಾಲಿತು. ತೀರ್ಮಾನ ಮಾಡಿದ ಮೇಲೆ ಅವನಿಗೆ ಎರಡು ದಿನ ಊಟ ರುಚಿಸಲಿಲ್ಲ.

ಮಂಗಳವಾರ ಮಧ್ಯಾಹ್ನ ಮೆರವಣಿಗೆ ಹೊರಟಿತು. ಮುಂದೆ ಥ್ಯಾಕ್ಸ್ಟರ್, ಸೇನಾಪತಿಯ ಠೀವಿಯಲ್ಲಿ. ಹಿಂದೆ ಜೇಬೆಜ್, ಬಲಗೈ ಮೇಲೆ, ಎಡಗೈಯಲ್ಲಿ ಟೋಪಿ. ಅವನ ಹಿಂದೆ ಟಿಯರ್ನಿ, ಟಿಯರ್ನಿಯ ಹಿಂದೆ ಮುನ್ನೂರು ಕೈಗಳು, ಮುನ್ನೂರು ಬೋಳುತಲೆ ಕೂದಲುತಲೆಗಳು. ಹತ್ತಿ ಹಿಂಜುವ ಮನೆಯವರಿಗೆ ಮೈ ಕೊಡವಿಕೊಳ್ಳಲೂ ಬಿಟ್ಟಿರಲಿಲ್ಲ. ದೂರದಿಂದ ನೋಡಿದರೆ ಮಂಜಿನ ಮನುಷ್ಯರು ಶರಣಾಗತರಾಗಿ ಬರುವಂತಿತ್ತು. ಮಾರ್ಚಿನ ಗಾಳಿ ನದಿಯ ಕಡೆಯಿಂದ ನೇರವಾಗಿ ಮೂಗಿಗೆ ಹೊಡೆಯಿತು.

ಗೇಟು ದಾಟಿದ ಕೂಡಲೇ ಜೇಬೆಜನ ಮೂಗಿನ ಮೂಲೆಯಲ್ಲಿ ಒಂದು ಇರುವೆ ಎದ್ದು ಕೂತಿತು. ಅಭ್ಯಾಸಬಲದಿಂದ ಬಲಗೈ ಕರ್ಚೀಫಿನ ಕಡೆಗೆ ಇಳಿಯಿತು.

"ಎಂಟ್ವಿಸಲ್, ಕೈ ಮೇಲೆ," ಅಂದ ಥ್ಯಾಕ್ಸ್ಟರ್, ತಿರುಗಿಯೂ ನೋಡದೆ. ಅವನಿಗೆ ಬೆನ್ನಿನಲ್ಲೂ ಕಣ್ಣಿತ್ತೆಂದು ಹೇಳುತ್ತಿದ್ದರು. ಮುಖದ ಮೇಲಿನವಕ್ಕೆ ಮಾತ್ರ ಸೋಡಾಬಾಟಲಿಯ ತಳದಂಥ ಕನ್ನಡಕ ಬೇಕಿತ್ತು.

"ಸರ್, ಕೈ ಒಂಚೂರು ಇಳಿಸ್ಲಾ? ಮೂಗು."

"ಮೇಲೆ."

ಜೇಬೆಜ್ ಹಿಮ್ಮಡಿ ಕುಟ್ಟಿದ. ಹಿಮ್ಮಡಿಯೊಂದರಿಂದ ಏನಾದೀತು? ಇರುವೆ ತನ್ನ ಬಂಧುಬಳಗವನ್ನೆಲ್ಲ ಕರೆಯಿತು. ಉಸಿರು ಬಿಗಿಹಿಡಿದ, ಬೆಳಗಿನ ಪ್ರಾರ್ಥನೆ ನೆನೆದ, ಸತ್ತ ಅತ್ತೆಯನ್ನು ನೆನೆದ. ಹಿಂದೆ ಬರುತ್ತಿದ್ದ ಸಾಲಿನವರ ಮುಖ ಬಿಳುಚಿತು. ಟಿಯರ್ನಿ ಮೆಲ್ಲಗೆ ತನ್ನ ಮತ್ತು ಜೇಬೆಜನ ನಡುವೆ ಎರಡು ಹೆಜ್ಜೆ ಅಂತರ ಮಾಡಿಕೊಂಡ.

ಸಭಾಮಂದಿರದ ಕೊನೆಯಲ್ಲಿ ನಾಲ್ಕು ಮೆಟ್ಟಿಲಿನ ಮರದ ವೇದಿಕೆ. ಮೇಲೆ ಮತಪೆಟ್ಟಿಗೆ, ಅದರ ಹಿಂದೆ ಪಟ್ಟಣದ ಗುಮಾಸ್ತ ಬಾಯ್ಸ್ ಎಂಬ ಎಪ್ಪತ್ತರ ಮುದುಕ, ಕಾನೂನಿನ ಪುಸ್ತಕವನ್ನು ಹೊದ್ದು ಮಲಗುವ ಜಾತಿಯವನು. ಪೆಟ್ಟಿಗೆಯ ಎಡಕ್ಕೆ ಒಂದು ಮೇಜಿನ ಮೇಲೆ ಕೆನೆ ಚೀಟಿಗಳ ರಾಶಿ, ಬಲಕ್ಕೆ ಒಂದು ಮೇಜಿನ ಮೇಲೆ ಯಾರೂ ಹತ್ತಿರ ಸುಳಿಯದ ಬೂದು ಚೀಟಿಗಳ ರಾಶಿ. ಥ್ಯಾಕ್ಸ್ಟರ್ ಮೇಲೆ ಹತ್ತಿ ಪೆಟ್ಟಿಗೆಯ ಮುಂದೆಯೇ ತಿರುಗಿ ನಿಂತ. ಜೇಬೆಜ್ ಮೂರನೆಯ ಮೆಟ್ಟಿಲಿಗೆ ಬಂದ. ಹಿಂದಿನ ಸಾಲು ಇಕ್ಕಟ್ಟಾಗಿ ಮೆಟ್ಟಿಲಿಗೆ ಒತ್ತಿಕೊಂಡು ನಿಂತಿತು.

ಜೇಬೆಜನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಸರ್, ಕೈ ಇಳಿಸ್ಲಾ?" ಅಂದ. "ಒಂದೇ ನಿಮಿಷ."

"ಇಳಿಸ್ಬೇಡ."

ಸರಿ, ಇಳಿಸಲಿಲ್ಲ.

ಮೊದಲ ಸೀನಿಗೆ ಜೇಬೆಜ್ ಎರಡಾಗಿ ಮಡಚಿದ, ಅವನ ತಲೆ ಹೋಗಿ ಥ್ಯಾಕ್ಸ್ಟರನ ಹೊಟ್ಟೆಗೆ ಟಗರಿನಂತೆ ಬಡಿಯಿತು. ಎರಡನೆಯದಕ್ಕೆ ಥ್ಯಾಕ್ಸ್ಟರ್ ಕೆನೆ ಮೇಜಿನ ಮೇಲೆ ಅಂಗಾತ ಬಿದ್ದ, ಮೇಜು ಹೋಗಿ ಬೂದು ಮೇಜಿನ ಮೇಲೆ ಬಿತ್ತು, ಕನ್ನಡಕ ಹೋಗಿ ಎಲ್ಲಿ ಬಿತ್ತೆಂದು ಇಂದಿಗೂ ಗೊತ್ತಿಲ್ಲ. ಮೂರನೆಯದಕ್ಕೆ ಜೇಬೆಜ್ ಹಿಂದಕ್ಕೆ ಎಗರಿ ಟಿಯರ್ನಿಯ ಮೇಲೆ, ಟಿಯರ್ನಿ ತನ್ನ ಹಿಂದಿನವನ ಮೇಲೆ, ಹೀಗೆ ಸಾಲಿನ ಮುಂಭಾಗವೆಲ್ಲ ಗೋಡೆಗೆ ಒರಗಿಸಿದ ಏಣಿಗಳಂತೆ ಉರುಳಿತು. ಬಿದ್ದವರ ಕೈಗಳಿಂದ ಚೀಟಿಗಳು ಹಾರಿದವು. ನಾಲ್ಕು, ಐದು, ಆರಕ್ಕೆ ಯಾರೋ ಗಾಳಿ ಬೇಕೆಂದು ಹಿಂಬಾಗಿಲು ತೆರೆದರು. ಮಾರ್ಚಿನ ಗಾಳಿ ಒಳನುಗ್ಗಿ ಕೆನೆಯನ್ನೂ ಬೂದನ್ನೂ ಕೂಡಿಸಿ ಚಾವಣಿಯವರೆಗೆ ಎತ್ತಿ ನೆಲದ ತುಂಬ ಹರಡಿತು. ಏಳನೆಯದಕ್ಕೆ ಗೋಡೆಯ ಮೇಲಿನ ಹಿರಿಯ ಟ್ರಾಸ್ಕರು ಮೊಳೆಯಿಂದ ಸ್ವಲ್ಪ ಜಾರಿ, ಓರೆಯಾಗಿ ನಿಂತು ನೋಡಿದರು.

ಮತಪೆಟ್ಟಿಗೆಯನ್ನು ಮಾತ್ರ ಬಾಯ್ಸ್ ಮೊಮ್ಮಗುವನ್ನು ತಬ್ಬಿದಂತೆ ತಬ್ಬಿಕೊಂಡಿದ್ದ.

"ನಿಲ್ಸಿ," ಎಂದು ನರಳಿದ ಥ್ಯಾಕ್ಸ್ಟರ್ ನೆಲದಿಂದ. "ಮತದಾನ ನಿಲ್ಸಿ. ಮತ್ತೆ ಗೇಟಿಂದ ಸಾಲು ಮಾಡ್ಬೇಕು."

ಬಾಯ್ಸ್ ಪುಸ್ತಕ ತೆರೆಯುವ ಗೋಜಿಗೂ ಹೋಗಲಿಲ್ಲ. ಶುರುವಾದ ಮತದಾನವನ್ನು ಸೂರ್ಯ ಮುಳುಗುವ ಮೊದಲು ನಿಲ್ಲಿಸಲು ತನಗೆ ಅಧಿಕಾರವಿಲ್ಲ ಎಂದ. ಚೀಟಿ ಕಳಕೊಂಡವರು ನೆಲದಿಂದ ಒಂದನ್ನು ಎತ್ತಿಕೊಂಡು ತಮ್ಮ ಕೈಯಿಂದಲೇ ಪೆಟ್ಟಿಗೆಗೆ ಹಾಕಬಹುದು ಎಂದ. ಆಮೇಲೆ ಹೇಳಿದ ಮಾತನ್ನು ಊರು ಬಹಳ ದಿನ ನೆನೆಯಿತು.

"ಕೈಯಿಂದ ಹಾಕ್ಬೇಕು ಅಂತ ಕಾನೂನಲ್ಲಿದೆ. ಕೈ ಮೇಲೆತ್ತಿ ಹಿಡೀಬೇಕು ಅಂತ ನಾನೆಲ್ಲೂ ಓದಿಲ್ಲ, ಥ್ಯಾಕ್ಸ್ಟರ್ ಅವರೇ. ನೀವು ಓದಿದ್ರೆ ಪುಟ ತೋರ್ಸಿ."

ಕನ್ನಡಕವಿಲ್ಲದ ಥ್ಯಾಕ್ಸ್ಟರನಿಗೆ ಪುಟವಿರಲಿ, ಪುಸ್ತಕವೂ ಕಾಣುತ್ತಿರಲಿಲ್ಲ.

ಜೇಬೆಜ್ ಮೂಗು ಒರೆಸಿಕೊಂಡ. ಅವನ ಬಲಗೈ ಈಗ ಖಾಲಿ. ಕಾಲ ಬುಡದಲ್ಲಿ ಒಂದು ಕೆನೆ ಚೀಟಿ ಇತ್ತು, ಅದರ ಪಕ್ಕದಲ್ಲಿ, ಒಂದು ಗೇಣು ಆಚೆ, ಒಂದು ಬೂದು ಚೀಟಿ. ಎರಡು ದಿನ ತೂಗಿದ್ದ ತಕ್ಕಡಿ ಈಗ ಅವನ ಮುಂದಿರಲಿಲ್ಲ. ಕಂಡದ್ದು ಮಗಳ ಗಿಣ್ಣುಗಳು, ಮತ್ತು ಆ ಚೆಂದದ ಹಸಿರು ಬಣ್ಣ. ಬಗ್ಗಿ ಬೂದು ಚೀಟಿ ಎತ್ತಿದ. ನಾಲ್ಕು ಮಡಿಕೆ ಮಡಿಸಿ ಮುಷ್ಟಿಯೊಳಗೆ ಇಟ್ಟ. ಆ ಮುಷ್ಟಿಯನ್ನು ಸೊಂಟದ ಮಟ್ಟದಲ್ಲೇ ಹಿಡಿದು ಮೆಟ್ಟಿಲು ಹತ್ತಿ ಪೆಟ್ಟಿಗೆಗೆ ಹಾಕಿದ.

ಹಿಂದೆ ಇದ್ದವರು ನೋಡಿದರು. ಒಬ್ಬೊಬ್ಬರೇ ಬಗ್ಗಿದರು. ಚೀಟಿ ಬೀಳಿಸಿಕೊಳ್ಳದೆ ಉಳಿದ ಹಿಂದಿನವರು ಕೂಡ, ಏನು ಸೋಜಿಗವೋ, ಮೆಟ್ಟಿಲ ಬಳಿ ಬಂದ ಕೂಡಲೇ ಕೈ ಜಾರಿ ಬೀಳಿಸಿಕೊಂಡರು. ಥ್ಯಾಕ್ಸ್ಟರ್ ಕಣ್ಣು ಕಿರಿದು ಮಾಡಿ ಪ್ರತಿಯೊಬ್ಬನ ಕೈಯನ್ನೂ ನೋಡುತ್ತಿದ್ದ. ಅವನಿಗೆ ಕಂಡದ್ದೆಲ್ಲ ಬಿಳಿಯೇ. ಕಾನೂನು ಕೇಳಿದ್ದೂ ಅಷ್ಟೇ.

ಕ್ವಿಂಬಿ ಮೂವತ್ತೊಂದು ಮತದಿಂದ ಗೆದ್ದ. ಏಪ್ರಿಲಿನಲ್ಲಿ ನಿಯಮವಾಯಿತು. ಹಸಿರು ಬಾಗಿಲಿನ ಬೀಗ ಕಳಚಿದ ದಿನ ಅರವತ್ತು ಹುಡುಗಿಯರೂ ಯಾವ ಕೆಲಸವಿಲ್ಲದೆ ಒಮ್ಮೆ ಮೆಟ್ಟಿಲಿಳಿದು, ಒಮ್ಮೆ ಹತ್ತಿ, ತಮ್ಮ ತಮ್ಮ ಯಂತ್ರಕ್ಕೆ ಹೋದರು. ಟ್ಯಾಬಿ ಎರಡು ಸಲ ಹೋಗಿಬಂದಳಂತೆ.

ಆಗ ಶುರುವಾಯಿತು ಜೇಬೆಜನ ಪುರಾಣ. ಸಾರಾಯಿ ಅಂಗಡಿಯಲ್ಲಿ ಟಿಯರ್ನಿ ದಿನಕ್ಕೊಂದು ಅಧ್ಯಾಯ ಸೇರಿಸಿದ: ಜೇಬೆಜ್ ಮೂರು ವಾರ ಮನೆಯ ನೆಲಮಾಳಿಗೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿದ್ದ, ಗಾಳಿಯ ದಿಕ್ಕನ್ನು ಮೊದಲೇ ಲೆಕ್ಕ ಹಾಕಿದ್ದ, ಸೇಂಟ್ ಪ್ಯಾಟ್ರಿಕನ ಸಮಾಧಿಯ ನಶ್ಯ ತರಿಸಿ ಮೂಗಿಗೇರಿಸಿದ್ದ. ಪಕ್ಕದ ಊರಿನ ಪತ್ರಿಕೆಯೊಂದು ಅವನನ್ನು ದುಡಿಯುವ ಜನರ ಮಹಾ ತಂತ್ರಗಾರನೆಂದು ಕರೆಯಿತು. ಇಷ್ಟೆಲ್ಲ ಹೊಗಳಿದವರಲ್ಲಿ ಒಬ್ಬನೂ, ಮನುಷ್ಯನೊಬ್ಬ ಹೀಗೇಕೆ ಸೀನುತ್ತಾನೆ, ಆ ಕಿಟಕಿಗಳ ಮೊಳೆ ಯಾಕೆ ಕೀಳಬಾರದು ಎಂದು ಕೇಳಲಿಲ್ಲ. ಹತ್ತಿ ಹಿಂಜುವ ಮನೆಯ ಕಿಟಕಿಗಳು ಮುಚ್ಚಿಯೇ ಇದ್ದವು. ಒಂಬತ್ತು ವರ್ಷದ ನಂತರ ಜೇಬೆಜ್ ಐವತ್ತಮೂರಕ್ಕೆ ಉಸಿರು ಸಿಕ್ಕದೆ ಸತ್ತಾಗ, ಗಿರಣಿಯ ವೈದ್ಯ ಕಾಗದದ ಮೇಲೆ 'ಹುಟ್ಟಿನಿಂದಲೇ ದುರ್ಬಲವಾದ ಎದೆ' ಎಂದು ಬರೆದ. ಏಳು ಸೀನಿಗೆ ಸಭಾಮಂದಿರವನ್ನೇ ಉರುಳಿಸಿದ ಎದೆ ಅದು.

ಆದರೆ ಅವನ ಸಾವಿನ ಕಾಗದಕ್ಕೆ ಈ ಕಥೆಯ ಕೊನೆಯ ಮಾತನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಚುನಾವಣೆಯ ಮಾರನೆಯ ವಾರಕ್ಕೆ ಹೋಗೋಣ.

ಯುವ ಟ್ರಾಸ್ಕ್ ಧಣಿಗಳು ಜೇಬೆಜನನ್ನು ತಮ್ಮ ಕೋಣೆಗೆ ಕರೆಸಿದರು. ಒಳ್ಳೆಯ ಕೋಣೆ; ಅದರ ಕಿಟಕಿಗಳು ತೆರೆಯುತ್ತಿದ್ದವು. ಮುನ್ನೂರು ಜನರಲ್ಲಿ ಬೂದು ಚೀಟಿ ಹಾಕಿದವರು ಯಾರೆಂದು ತಿಳಿಯುವ ದಾರಿ ಇರಲಿಲ್ಲ, ಎಲ್ಲರನ್ನೂ ಹೊರಹಾಕಿದರೆ ಗಿರಣಿ ನಡೆಯುತ್ತಿರಲಿಲ್ಲ. ಪಕ್ಕದಲ್ಲಿ ಹೊಸ ಕನ್ನಡಕದ ಥ್ಯಾಕ್ಸ್ಟರ್, ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ. ಧಣಿಗಳು ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಇದು ಒಬ್ಬ ಕೂಲಿಯವನ ತಲೆಗೆ ಹೊಳೆಯುವ ಸಂಗತಿಯಲ್ಲ. ಇದರ ಹಿಂದೆ ನ್ಯೂಯಾರ್ಕಿನ ಕಾರ್ಮಿಕ ಸಂಘವೋ ಯೂರೋಪಿನ ಕ್ರಾಂತಿಕಾರರೋ ಇರಲೇಬೇಕು. ದಿನ, ಗಾಳಿ, ಮೇಜುಗಳ ಜಾಗ, ಮೇಸ್ತ್ರಿಯ ಕನ್ನಡಕ, ಎಲ್ಲವನ್ನೂ ಯಾರೋ ಮೊದಲೇ ಯೋಜಿಸಿದ್ದಾರೆ. ಹೆಸರು ಹೇಳಿದರೆ ಜೇಬೆಜನಿಗೆ ತೊಂದರೆಯಿಲ್ಲ.

"ನಿಜ ಹೇಳು ಎಂಟ್ವಿಸಲ್," ಅಂದರು ಕೊನೆಗೆ. "ಈ ಉಪಾಯ ಯಾರದು?"

ಜೇಬೆಜ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, ಸ್ವಲ್ಪ ಯೋಚಿಸಿ, ಥ್ಯಾಕ್ಸ್ಟರನ ಕಡೆ ನೋಡಿದ.

"ಕೈ ಇಳಿಸ್ಲಾ ಅಂತ ಇವರನ್ನ ಎರಡು ಸಲ ಕೇಳ್ದೆ ಸರ್," ಅಂದ. "ಬೇಡ ಅಂದ್ರು."